ಮಾತು ಬಾಯಿಪಾಠ ಆದಮೇಲಿನ ಕೆಲಸ: ನಟನೆಯಲ್ಲಿ ಬಹಳ ಕಾಲ ಉಳಿಯಲು ಟಿಪ್ಪಣಿ

ತುಮಕೂರಿನಲ್ಲಿ ನಾಟಕ ಕಲಿಯುತ್ತಿರುವ ನನ್ನಂಥವರಿಗೆ ಈ ಟಿಪ್ಪಣಿ. ಮೊದಲ ಪಾತ್ರ ಸಿಗುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಇಪ್ಪತ್ತು ವರ್ಷ ಕಳೆದಮೇಲೂ ನಮ್ಮನ್ನು ಕರೆಯುತ್ತಿರಬೇಕಾದರೆ ಏನು ಬೇಕು ಅನ್ನುವುದು ನನ್ನ ಪ್ರಶ್ನೆ. ಈಗ ನನಗೆ ಹೊಳೆದಿರುವ ಉತ್ತರ: ಎದುರಿನವರ ಮಾತನ್ನು ನಿಜವಾಗಿ ಕೇಳಿಸಿಕೊಳ್ಳುವ ನಟರಿಗೆ ಕೆಲಸ ತಪ್ಪುವುದಿಲ್ಲ. ಜೊತೆಯವರ ಪಾತ್ರವೂ ಅವರಿಂದ ಚೆನ್ನಾಗಿ ಕಾಣುತ್ತದೆ.

ಪಾತ್ರ ದೊಡ್ಡದೇ ಇರಬೇಕಿಲ್ಲ

ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಗುಬ್ಬಿ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ. ಗುಬ್ಬಿ ವೀರಣ್ಣನವರು ಚಿಕ್ಕ ಹುಡುಗನಾಗಿ ಅದಕ್ಕೆ ಸೇರಿ, ಮುಂದೆ ಅದರ ಮಾಲೀಕರಾದರು. ಅಷ್ಟು ದೊಡ್ಡ ಕಂಪನಿಯ ಯಜಮಾನರನ್ನು ಜನ ಇವತ್ತಿಗೂ ನೆನೆಯುವುದು ‘ಸದಾರಮೆ’ ನಾಟಕದ ಕಳ್ಳನ ಪಾತ್ರಕ್ಕೆ! ತಿಪಟೂರಿನ ನರಸಿಂಹರಾಜು 1954ರ ‘ಬೇಡರ ಕಣ್ಣಪ್ಪ’ದಿಂದ ಸಿನಿಮಾಕ್ಕೆ ಬಂದರು. 1979ರಲ್ಲಿ ತೀರಿಕೊಳ್ಳುವವರೆಗೂ ಹಾಸ್ಯವೇ ಅವರ ಕೈಹಿಡಿದು ನಡೆಸಿತು.

ಕ್ಯೂ ಒಂದು ಕಡೆ, ಕಾರಣ ಇನ್ನೊಂದು ಕಡೆ

ಇದನ್ನು ನಿಧಾನವಾಗಿ ಓದಿ. ನನ್ನ ತಲೆಗೆ ಹೋಗಲು ಜಾಸ್ತಿ ಸಮಯ ಹಿಡಿದದ್ದು ಇದೇ.

ಎದುರಿನವರ ಮಾತಿನ ಕೊನೆಯ ಪದವೇ ನಮ್ಮ ಕ್ಯೂ. ಅದು ಬಿದ್ದ ತಕ್ಷಣ ನಾವು ಮಾತಾಡಬೇಕು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ನಮಗೆ ಮಾತಾಡಬೇಕು ಅನ್ನಿಸುವುದು ಆ ಕೊನೆಯ ಪದಕ್ಕೇ ಅಲ್ಲ. ಸಾಮಾನ್ಯವಾಗಿ ಅದಕ್ಕೂ ಮುಂಚೆಯೇ ಯಾವುದೋ ಪದ ಚುಚ್ಚಿರುತ್ತದೆ.

ನಮ್ಮ ಹಳ್ಳಿಗಳಲ್ಲಿ ಆಡುವ ಕುರುಕ್ಷೇತ್ರದ ಸಂಧಾನದ ದೃಶ್ಯವನ್ನೇ ತೆಗೆದುಕೊಳ್ಳಿ. ಕೃಷ್ಣನ ಮಾತು ಹೀಗಿದೆ ಅಂದುಕೊಳ್ಳೋಣ: “ಪಾಂಡವರಿಗೆ ಅರ್ಧ ರಾಜ್ಯ ಕೊಡು. ಅದು ಆಗದಿದ್ದರೆ ಐದು ಗ್ರಾಮವನ್ನಾದರೂ ಕೊಡು.” ದುರ್ಯೋಧನನ ಕ್ಯೂ ಕೊನೆಯ “ಕೊಡು”. ಆದರೆ ಅವನಿಗೆ ಉರಿ ಹತ್ತುವುದು ಎಲ್ಲಿ? “ಅರ್ಧ ರಾಜ್ಯ” ಅಂದಾಗಲೇ ಅಲ್ವಾ? ಉಸಿರು ಒಳಗೆ ಹೋಗಬೇಕಾದದ್ದು ಅಲ್ಲಿ. ಆಮೇಲೆ ಐದು ಗ್ರಾಮದ ಮಾತು ಮುಗಿಯುವವರೆಗೂ ಅವನು ಆ ಕೋಪವನ್ನು ತಡೆದುಕೊಂಡಿರುತ್ತಾನೆ. ಈ ತಡೆದುಕೊಳ್ಳುವುದೇ ನಟನೆ. ಕೊನೆಯ “ಕೊಡು”ವಿಗಾಗಿ ಸುಮ್ನೆ ಕಾಯುವ ನಟ ಅಲ್ಲಿಯವರೆಗೂ ಖಾಲಿ ನಿಂತಿರುತ್ತಾನೆ. ಕ್ಯೂ ಬಿದ್ದಮೇಲೆ ಉಸಿರು ಎಳೆಯುತ್ತಾನೆ. ಅಷ್ಟರಲ್ಲಿ ದೃಶ್ಯದ ಬಿಗಿ ಸಡಿಲವಾಗಿರುತ್ತದೆ.

ಹಾಗಾಗಿ ನಾನು ಮಾಡುವುದು ಇಷ್ಟು. ನೋಟ್‌ಬುಕ್ಕಿನಲ್ಲಿ ನನ್ನ ಮಾತು ಬಿಟ್ಟು, ಎದುರಿನವರ ಮಾತನ್ನಷ್ಟೇ ಪೂರ್ತಿ ಬರೆದುಕೊಳ್ಳುತ್ತೇನೆ. ಕೊನೆಯ ಪದಕ್ಕೆ ಒಂದು ಗೆರೆ. ನನ್ನ ಪಾತ್ರಕ್ಕೆ ಚುಚ್ಚಿದ ಪದಕ್ಕೆ ಎರಡು ಗೆರೆ. ರಿಹರ್ಸಲ್‌ನಲ್ಲಿ ಎರಡು ಗೆರೆಯ ಪದಕ್ಕೆ ಉಸಿರು, ಒಂದು ಗೆರೆಯ ಪದಕ್ಕೆ ಮಾತು. ಎದುರಿನವರು ಇವತ್ತು ಬೇರೆ ಪದದ ಮೇಲೆ ಒತ್ತು ಕೊಟ್ಟರೆ ಚುಚ್ಚುವ ಜಾಗವೂ ಬದಲಾಗಬಹುದು. ಬದಲಾಗಲಿ. ಗೆರೆ ಹಾಕಿದ್ದೇವೆ ಅಂತ ಅದಕ್ಕೇ ಅಂಟಿಕೊಂಡರೆ ಮತ್ತೆ ಕೇಳುವುದನ್ನು ನಿಲ್ಲಿಸಿದಂತೆಯೇ.

ಇಲ್ಲಿ ಬಾಲಣ್ಣನವರ ಬಗ್ಗೆ ಹೇಳಲೇಬೇಕು. ನಮ್ಮ ಪಕ್ಕದ ಅರಸೀಕೆರೆಯಲ್ಲಿ ಹುಟ್ಟಿದ ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ಹಾಗಿದ್ದೂ ನೂರಾರು ಸಿನಿಮಾಗಳಲ್ಲಿ ನಟಿಸಿದರು. ಅವರ ಹಳೆಯ ದೃಶ್ಯ ಹಾಕಿ, ಅವರಿಗೆ ಮಾತಿಲ್ಲದ ಕ್ಷಣದಲ್ಲಿ ಮುಖ ನೋಡಿ. ಕಣ್ಣು ಎದುರಿನವರನ್ನು ಬಿಡುವುದೇ ಇಲ್ಲ. ನನಗೆ ಇದಕ್ಕಿಂತ ದೊಡ್ಡ ಪಾಠ ಸಿಕ್ಕಿಲ್ಲ.

ಕ್ಯಾಮೆರಾ ಮುಂದೆ ಇದರ ಲಾಭ ಇನ್ನೂ ಹೆಚ್ಚು. ಮಾತಾಡುವವರ ಮುಖದಿಂದ ಎಡಿಟರ್ ಕೇಳುವವರ ಮುಖಕ್ಕೆ ಬರುತ್ತಾರೆ. ಅಲ್ಲಿ ಏನೂ ನಡೆಯದಿದ್ದರೆ ಆ ಶಾಟ್ ಉಳಿಯುವುದಿಲ್ಲ. ಇನ್ನೊಂದು ಮಾತು: ನಿಮ್ಮ ಕ್ಲೋಸಪ್ (ಮುಖ ಹತ್ತಿರದಿಂದ ತೆಗೆಯುವ ಶಾಟ್) ಮುಗಿದ ತಕ್ಷಣ ಹೋಗಿ ಕೂರಬೇಡಿ. ಜೊತೆ ನಟರ ಕ್ಲೋಸಪ್ ತೆಗೆಯುವಾಗ ಕ್ಯಾಮೆರಾ ಪಕ್ಕ ನಿಂತು, ಅಷ್ಟೇ ಮನಸ್ಸಿಟ್ಟು ನಿಮ್ಮ ಮಾತು ಹೇಳಿ. ಹಾಗೆ ನಿಂತವರನ್ನು ಯಾರೂ ಮರೆಯುವುದಿಲ್ಲ.

ಧ್ವನಿ

ಹೊಟ್ಟೆಯಿಂದ ಉಸಿರು, ಸಾಕಷ್ಟು ನೀರು. ಗಂಟಲು ಕಟ್ಟಿದ ದಿನ ಕಿರುಚಬಾರದು, ಪಿಸುಗುಡಲೂಬಾರದು. ಹಾರ್ಮೋನಿಯಂ ಮೇಷ್ಟ್ರು ಸಿಕ್ಕರೆ ನಿಮ್ಮ ಶ್ರುತಿ ಯಾವುದು ಅಂತ ಕೇಳಿ ಗೊತ್ತುಮಾಡಿಕೊಳ್ಳಿ.

ಓದು ಮತ್ತು ದುಡ್ಡು

ರಂಗನಿರ್ದೇಶಕ ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿದವರು. ಮುಂದೆ ಅವರನ್ನು ಕಾಶಿಗೆ ಓದಲು ಕಳಿಸಿದ್ದು ವೀರಣ್ಣನವರೇ. ಕಾರಂತರು ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. ಕೆಲಸ ಸಿಕ್ಕಮೇಲೂ ಕಲಿಯಬೇಕು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹೆಗ್ಗೋಡಿನ ನೀನಾಸಂ ರಂಗಸಂಸ್ಥೆಯಲ್ಲಿ 1980ರಿಂದ ರಂಗಶಿಕ್ಷಣ ನಡೆಯುತ್ತಿದೆ. ಒಂದು ವರ್ಷ ಬಿಡುವು ಮಾಡಿಕೊಳ್ಳಲು ಆಗುವವರು ಯೋಚನೆ ಮಾಡಿ.

ನಟನೆಯ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ. ಜೊತೆಗೊಂದು ಕೆಲಸ ಇಟ್ಟುಕೊಳ್ಳುವುದರಲ್ಲಿ ಅವಮಾನ ಏನೂ ಇಲ್ಲ. ಬಾಡಿಗೆ ಕಟ್ಟುವ ಭಯ ಇಲ್ಲದಿದ್ದರೆ ಕೆಟ್ಟ ಪಾತ್ರಕ್ಕೆ ಬೇಡ ಅನ್ನಬಹುದು. ಹಳ್ಳಿಯ ಪೌರಾಣಿಕ ನಾಟಕದಲ್ಲಿ ಪಾತ್ರಧಾರಿಗಳೇ ಹಣ ಹಾಕುವ ಪದ್ಧತಿ ಇದೆ. ಅದು ಊರಿನವರ ಪ್ರೀತಿ, ಅದನ್ನು ಗೌರವಿಸುತ್ತೇನೆ. ಆದರೆ ಸಿನಿಮಾ ಆಡಿಷನ್‌ಗೆ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಆಡಿಷನ್ ವಿಡಿಯೋವನ್ನು ಮನೆಯಲ್ಲೇ ಮಾಡಿ ಕಳಿಸುವಾಗ ಎದುರಿನ ಪಾತ್ರದ ಮಾತನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಹಾಕಿಕೊಳ್ಳಬೇಡಿ. ಅದು ಪ್ರತಿ ಸಲ ಒಂದೇ ಥರ ಮಾತಾಡುತ್ತದೆ. ತಂಗಿಯೋ ಗೆಳೆಯನೋ ಕ್ಯಾಮೆರಾ ಪಕ್ಕ ಕೂತು ಓದಲಿ. ಅವರು ತಡವರಿಸಿದರೂ ಪರವಾಗಿಲ್ಲ.