ಗಾಳದ ಎರೆಗೆಂದು ಕೆಸರಿಗಿಳಿಯುವ ಮುನ್ನ

ಮಾರ್ಚ್ ಕೊನೆಯಲ್ಲಿ ಅಮೆರಿಕದ ಪಶ್ಚಿಮ ತೀರದ ಒರೆಗಾನ್ ರಾಜ್ಯದ ಯಾಕ್ವಿನಾ ಕೊಲ್ಲಿಯಲ್ಲಿ ನೀರಿಳಿದಿತ್ತು. ಪೋರ್ಟ್‌ಲ್ಯಾಂಡಿನಿಂದ ಗಾಳ ಹಾಕಲು ಬಂದಿದ್ದ ಕನ್ನಡದ ಹುಡುಗನೊಬ್ಬ ಬಕೆಟ್ ತೋರಿಸಿ ಕೇಳಿದ: "ಸರ್, ಇವೆಲ್ಲ ಒಂದೇ ಜಾತಿ ಸಿಗಡಿನಾ?"

ಅಲ್ಲ. ಎರೆಗಾಗಿ ಇಲ್ಲಿ ಕೆಸರಿನಿಂದ ಸಿಗಡಿ ಹೀರಿ ತೆಗೆಯುವ ಕೈಪಂಪ್ ಹಿಡಿಯುವವರು ಮೊದಲು ಕಲಿಯಬೇಕಾದದ್ದು ಇದನ್ನೇ.

ಮೆತ್ತನೆ ಮೈಯ, ತಿಳಿ ಕಿತ್ತಳೆ ಬಣ್ಣದ್ದು ಘೋಸ್ಟ್ ಶ್ರಿಂಪ್. ಸ್ಟೀಲ್‌ಹೆಡ್, ಸ್ಟರ್ಜನ್ ಮೀನುಗಳಿಗೆ ಒಳ್ಳೆಯ ಎರೆ. ಉತ್ತರಕ್ಕಿರುವ ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ಎಂಬ ಕಡಲ ಚಾಚಿನಲ್ಲಿ ವಸಂತಕ್ಕೆ ಬೂದು ತಿಮಿಂಗಿಲಗಳೂ ಕೆಸರು ಹೀರಿ ಇದನ್ನು ತಿನ್ನುತ್ತವೆ. ನೀರಿಳಿದಾಗ ಅವು ಹೀರಿದ ಗುಂಡಿಗಳು ಎಮ್ಮೆ ಹೊರಳಿದ ಜಾಗದಂತೆ ಕಾಣುತ್ತವೆ. ಈ ಸಿಗಡಿ ಸದಾ ತೋಡುತ್ತಲೇ ಇರುವುದರಿಂದ ನೆಲ ಸಡಿಲವಾಗಿ, ಅಲ್ಲಿ ಸಾಕುವ ಆಯ್ಸ್ಟರ್ ಎಂಬ ಚಿಪ್ಪುಜೀವಿಗಳು ಹೂತುಹೋಗುತ್ತವೆ. ಅದಕ್ಕಾಗಿಯೇ ವಾಷಿಂಗ್ಟನ್ನಿನ ವಿಲಾಪಾ ಕೊಲ್ಲಿಯಲ್ಲಿ ಆಯ್ಸ್ಟರ್ ಕೃಷಿಕರು 1963ರಿಂದ ದಶಕಗಳ ಕಾಲ ಕಾರ್ಬರಿಲ್ ಕೀಟನಾಶಕ ಸಿಂಪಡಿಸಿದರು. ಅದರ ಬದಲಿಗೆ ಅವರು ಕೇಳಿದ ಇಮಿಡಾಕ್ಲೋಪ್ರಿಡ್ ಎಂಬ ಇನ್ನೊಂದು ಕೀಟನಾಶಕಕ್ಕೆ 2018ರಲ್ಲಿ ವಾಷಿಂಗ್ಟನ್ ರಾಜ್ಯ ಅನುಮತಿ ನಿರಾಕರಿಸಿತು. ಸರಿಯಾದ ತೀರ್ಮಾನವೆಂದೇ ನನ್ನ ಅಭಿಪ್ರಾಯ.

ನೀಲಿ ಛಾಯೆಯ ಬೂದು ಮೈ, ಕೂದಲುಗಾಲುಗಳಿದ್ದರೆ ಅದು ಮಡ್ ಶ್ರಿಂಪ್. ಇಂಗ್ಲಿಷಿನ ವೈ ಅಕ್ಷರದಂಥ ಬಿಲ ತೋಡಿ, ಒಳಗೋಡೆಗೆ ಲೋಳೆ ಮೆತ್ತಿ, ಅಲ್ಲೇ ನೆಲೆಸುತ್ತದೆ. ಹೊಟ್ಟೆಯಡಿಯ ಈಜುಗಾಲು ಬಡಿದು ನೀರನ್ನು ಒಳಗೆಳೆದು, ಆ ಕೂದಲುಗಳಿಂದ ಸೋಸಿ ತಿನ್ನುತ್ತದೆ. ದಟ್ಟವಾಗಿದ್ದಲ್ಲಿ ಇವು ಅಳಿವೆಯ ನೀರನ್ನೇ ಸೋಸುತ್ತವೆ.

ಈ ನೀಲಿಯದಕ್ಕೆ ಈಗ ಕಷ್ಟಕಾಲ. ಏಷ್ಯಾ ಕಡೆಯಿಂದ ಬಂದ ಆರ್ಥಿಯೋನೆ ಎಂಬ ಪರಾವಲಂಬಿ 1980ರ ದಶಕದ ಕೊನೆಯಿಂದ ಈ ತೀರದಲ್ಲಿದೆ. ಕಿವಿರಿನ ಗೂಡಿನಲ್ಲಿ ಕೂತು ರಕ್ತ ಹೀರುತ್ತದೆ. ಹೆಣ್ಣು ಸಿಗಡಿ ಸಾಯದಿದ್ದರೂ ಮೊಟ್ಟೆಯಿಡುವ ಶಕ್ತಿ ಕಳೆದುಕೊಳ್ಳುತ್ತದೆ. ಮರಿಯೇ ಇಲ್ಲದ ಮೇಲೆ ಸಂತತಿ ಎಲ್ಲಿಂದ? ಹಲವು ಅಳಿವೆಗಳಲ್ಲಿ ನೀಲಿ ಸಿಗಡಿಯ ಬಯಲುಗಳು ಬರಿದಾಗಿವೆ. ತಲೆಯ ಚಿಪ್ಪು ಒಂದು ಬದಿಗೆ ಕೆನ್ನೆಬಾವು ಬಂದಂತೆ ಉಬ್ಬಿದ್ದರೆ ಒಳಗೆ ಆ ಜೀವಿ ಇದೆಯೆಂದು ತಿಳಿಯಿರಿ.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ಎರೆಗೆ ಕಿತ್ತಳೆಯದನ್ನೇ, ಆ ದಿನಕ್ಕೆ ಬೇಕಾದಷ್ಟೇ ಹಿಡಿಯಿರಿ. ತೋಡಿದ ಗುಂಡಿ ಮುಚ್ಚಿ. ಉಳಿದ ಜೀವಂತ ಎರೆಯನ್ನು ಬೇರೊಂದು ಅಳಿವೆಗೆ ಸುರಿಯಲೇಬೇಡಿ.

ಹುಡುಗನ ಬಕೆಟ್‌ನಲ್ಲಿ ನೀಲಿಯವು ಮೂರಿದ್ದವು. ಎರಡರ ಕೆನ್ನೆ ಉಬ್ಬಿತ್ತು. ಮೂರನೆಯದರ ಹೊಟ್ಟೆಯಡಿ ಮೊಟ್ಟೆಗಳಿದ್ದವು. ಅದನ್ನು ಬಿಲದ ಬಾಯಿಗೆ ಬಿಟ್ಟು, ಒಳಗಿಳಿಯುವ ತನಕ ಕಡಲಹಕ್ಕಿಗಳು ಹತ್ತಿರ ಬಾರದಂತೆ ಇಬ್ಬರೂ ಅಲ್ಲೇ ನಿಂತೆವು.