ಮಾಪೊ ತೋಫು: ಸಿಚುವಾನಿನ ಖಾರ ಮತ್ತು ಜುಮ್ಮು

ಮಾಪೊ ತೋಫು ಎಂದರೆ ಚೀನಾದ ಸಿಚುವಾನ್ ಪ್ರಾಂತ್ಯದ, ತೋಫು (ಸೋಯಾ ಪನೀರ್) ಮತ್ತು ಖೀಮಾದ ಖಾರದ ಖಾದ್ಯ. ಸಿಚುವಾನ್ ಅಡುಗೆಯೆಂದರೆ ಬರೀ ಮೆಣಸಿನಕಾಯಿ ಎಂದುಕೊಂಡರೆ ಅದು ಅರ್ಧ ಸತ್ಯವಷ್ಟೇ. ನಾಲಿಗೆ ಜುಮ್ಮೆನ್ನಿಸುವ ಹುವಾಜಿಯಾವ್ (ಸಿಚುವಾನ್ ಪೆಪ್ಪರ್) ಚೀನಾದ್ದೇ ಪುರಾತನ ಮಸಾಲೆ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದದ್ದು. 1591ರಲ್ಲಿ ಚೀನೀ ಲೇಖಕ ಗಾವ್ ಲಿಯಾನ್ ಅದನ್ನು ಉಲ್ಲೇಖಿಸಿದಾಗಲೂ ಅದು ನೋಡಲು ಚೆಂದದ ಗಿಡವಾಗಿತ್ತು. ಸಿಚುವಾನಿನ ಅಡುಗೆಮನೆಗೆ ಅದು ಹೊಕ್ಕಿದ್ದು 18ನೇ ಶತಮಾನದಿಂದೀಚೆಗೆ. ಸಿಚುವಾನಿನ ರಾಜಧಾನಿ ಚೆಂಗ್ಡುವಿನ ವಾನ್‌ಫು ಸೇತುವೆ ಬಳಿ ಚೆನ್ ಮನೆತನದ ಅಂಗಡಿ ತೆರೆದದ್ದು 1862ರಲ್ಲಿ ಎನ್ನುತ್ತಾರೆ. ಮಾಪೊ ತೋಫು ಹುಟ್ಟಿದ್ದು ಅಲ್ಲಿ.

ಹುವಾಜಿಯಾವ್ ನಮ್ಮ ಪಶ್ಚಿಮಘಟ್ಟದ ಜುಮ್ಮನಕಾಯಿಯ ಕುಲದ್ದೇ. ಬಳಸುವುದು ಸಿಪ್ಪೆಯನ್ನು ಮಾತ್ರ. ಒಳಗಿನ ಕಪ್ಪು ಬೀಜ ಹಲ್ಲಿಗೆ ಮರಳಿನಂತೆ ಸಿಗುತ್ತದೆ, ಆರಿಸಿ ತೆಗೆಯಬೇಕು. ಇದರ ಸಾನ್‌ಶೂಲ್ ಎಂಬ ಅಂಶ ಸ್ಪರ್ಶದ ನರಗಳನ್ನು ಕೆಣಕುತ್ತದೆ. ತುಟಿಗೆ ಆಗುವ ಆ ಕಂಪನ ಸುಮಾರು 50 ಹರ್ಟ್ಸ್ (ಸೆಕೆಂಡಿಗೆ 50 ಬಾರಿ) ಎಂದು 2013ರಲ್ಲಿ ಪ್ರಕಟವಾದ ಲಂಡನ್ ಪ್ರಯೋಗವೊಂದು ತೋರಿಸಿತು. ನಮ್ಮ ಹೋಟೆಲುಗಳ 'ಷೆಜ್ವಾನ್' ಸಾಸ್‌ನಲ್ಲಿ ಸಾಮಾನ್ಯವಾಗಿ ಹುವಾಜಿಯಾವ್ ಇರುವುದೇ ಇಲ್ಲ. ಅದು ಮೆಣಸಿನಕಾಯಿ-ಬೆಳ್ಳುಳ್ಳಿ ಚಟ್ನಿ, ಅಷ್ಟೇ.

ಖಾದ್ಯದ ಜೀವಾಳ ಪಿಶಿಯಾನ್ ದೋಬಾನ್‌ಜಿಯಾಂಗ್, ಅಂದರೆ ಪಿಶಿಯಾನ್ ಊರಿನ ಹುದುಗಿಸಿದ ಕಾಳು-ಮೆಣಸಿನಕಾಯಿ ಪೇಸ್ಟ್. ಫಾವಾ ಬೀನ್ಸ್ ಕಾಳಿಗೆ ಗೋಧಿ ಹಿಟ್ಟು ಹಚ್ಚಿ ಬೂಷ್ಟು ಬರಿಸಿ, ಉಪ್ಪು ಬೆರೆಸಿದ ಕೆಂಪು ಮೆಣಸಿನಕಾಯಿಯೊಡನೆ ಹಂಡೆಗಳಲ್ಲಿ ಹುದುಗಿಸುತ್ತಾರೆ. ಬಿಸಿಲಿಗೆ ತೆರೆದು ಕೈಯಾಡಿಸುವುದು, ಮಳೆ ಬಂದರೆ ಮುಚ್ಚುವುದು, ಹೀಗೆ ವರ್ಷಗಟ್ಟಲೆ. ಹಳೆಯದಾದಷ್ಟೂ ಬಣ್ಣ ಕಂದು, ರುಚಿ ಆಳ.

ಈಗ ಕ್ರಮ. 450 ಗ್ರಾಂ ಮೆದು ತೋಫುವನ್ನು 2 ಸೆಂ.ಮೀ. ತುಂಡುಗಳಾಗಿ ಕತ್ತರಿಸಿ, ಉಪ್ಪು ಹಾಕಿದ ಬಿಸಿನೀರಿನಲ್ಲಿ ಐದು ನಿಮಿಷ ಬಿಡಿ. ಸೋಯಾದ ಹಸಿ ವಾಸನೆ ಹೋಗಿ ತುಂಡು ಸ್ವಲ್ಪ ಬಿಗಿಯಾಗುತ್ತದೆ. ನೀರು ಕೊತಕೊತ ಕುದಿಯಬಾರದು; ಕುದಿದರೆ ತೋಫು ರಂಧ್ರಬಿದ್ದು ಗಡಸಾಗುತ್ತದೆ.

ಬಾಣಲೆಯಲ್ಲಿ 4 ಚಮಚ ಎಣ್ಣೆ ಕಾಯಿಸಿ, 100 ಗ್ರಾಂ ಗೋಮಾಂಸದ ಖೀಮಾವನ್ನು ಗರಿಯಾಗುವವರೆಗೆ ಹುರಿಯಿರಿ. ಸಸ್ಯಾಹಾರಿಗಳಿಗೆ ಸಣ್ಣಗೆ ಕೊಚ್ಚಿದ ಅಣಬೆ ಸಾಕು. ಉರಿ ತಗ್ಗಿಸಿ, ಎರಡೂವರೆ ದೊಡ್ಡ ಚಮಚ ದೋಬಾನ್‌ಜಿಯಾಂಗ್ ಕೊಚ್ಚಿ ಹಾಕಿ. ಎಣ್ಣೆ ಕೆಂಪಗೆ ತೇಲಬೇಕು. ಈ ಹಂತದಲ್ಲಿ ಅವಸರ ಮಾಡಿದರೆ ಹಸಿ ವಾಸನೆ ಉಳಿಯುತ್ತದೆ, ಉರಿ ಜೋರಾದರೆ ತಳ ಹಿಡಿದು ಕಹಿ. ಎರಡನ್ನೂ ಆಮೇಲೆ ಸರಿಪಡಿಸಲಾಗದು. ನಂತರ ಶುಂಠಿ, ಬೆಳ್ಳುಳ್ಳಿ, ಒಂದು ಚಮಚ ಹುದುಗಿಸಿದ ಕಪ್ಪು ಸೋಯಾ ಕಾಳು, 200 ಮಿ.ಲೀ. ಸ್ಟಾಕ್, ಕೊನೆಗೆ ತೋಫು. ಸೌಟಿನ ಬೆನ್ನಿನಿಂದ ತಳ್ಳಿ, ತಿರುವಬೇಡಿ. ಪೇಸ್ಟ್‌ನಲ್ಲೇ ಸಾಕಷ್ಟು ಉಪ್ಪಿರುತ್ತದೆ, ರುಚಿ ನೋಡದೆ ಸೋಯಾ ಸಾಸ್ ಸುರಿಯಬಾರದು.

ಒಂದು ಚಮಚ ಕಾರ್ನ್‌ಫ್ಲೋರನ್ನು 3 ಚಮಚ ನೀರಿನಲ್ಲಿ ಕದಡಿ, ಮೂರು ಸಲವಾಗಿ ಹಾಕಿ. ಪ್ರತಿ ಸಲವೂ ಕುದಿ ಬರಲಿ. ತೋಫು ನೀರು ಬಿಡುತ್ತಲೇ ಇರುವುದರಿಂದ ಒಮ್ಮೆಗೇ ಸುರಿದ ಗಟ್ಟಿತನ ತಟ್ಟೆಗೆ ಬರುವಷ್ಟರಲ್ಲಿ ಇಳಿದುಹೋಗುತ್ತದೆ.

ಹುವಾಜಿಯಾವ್ ಪರಿಮಳ ಬಲುಬೇಗ ಹಾರುತ್ತದೆ. ಆದ್ದರಿಂದ ಸಣ್ಣ ಉರಿಯಲ್ಲಿ ಎಣ್ಣೆಯಿಲ್ಲದೆ ಹುರಿದು, ಕುಟ್ಟಿ, ಜರಡಿ ಹಿಡಿದು, ಬಡಿಸುವ ಮುನ್ನ ಅರ್ಧ ಚಿಕ್ಕ ಚಮಚ ಉದುರಿಸಿ.