58ನೇ ವಯಸ್ಸಿಗೆ ವೀಣೆ ಹಿಡಿದರೆ ಕೈಗೆ ಬರುತ್ತದಾ?

ಪ್ರಶ್ನೆ: ನನಗೆ 58 ವರ್ಷ. ಹೋದ ತಿಂಗಳು ನಿವೃತ್ತಳಾದೆ. ನಮ್ಮ ಅತ್ತೆಯವರ ವೀಣೆ ಇಪ್ಪತ್ತು ವರ್ಷದಿಂದ ಕೋಣೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಮಲಗಿದೆ. ಕಲಿಯಬೇಕು ಅಂತ ತುಂಬಾ ಆಸೆ. ಆದರೆ ಬೆರಳು ಮೊದಲಿನ ಹಾಗೆ ಆಡುವುದಿಲ್ಲ, ಮಂಡಿ ನೋವು ಬೇರೆ. ಚಿಕ್ಕಂದಿನಲ್ಲಿ ಕಲಿಯದವರಿಗೆ ಈಗ ಬರುತ್ತದಾ?

ಉತ್ತರ: ಬರುತ್ತದೆ. ನಾನು ಮೊದಲ ಸಲ ವೀಣೆ ಮುಟ್ಟಿದ್ದೇ 51ನೇ ವಯಸ್ಸಿನಲ್ಲಿ. ಹಾಗಾಗಿ ಸುಮ್ನೆ ಧೈರ್ಯಕ್ಕೆ ಹೇಳುತ್ತಿರುವ ಮಾತಲ್ಲ ಇದು. ಕಛೇರಿ ಕೊಡುವ ಮಟ್ಟಕ್ಕೆ ಹೋಗುವುದು ಕಷ್ಟ. ಮೂರನೇ ಕಾಲದ, ಅಂದರೆ ಮೊದಲಿನ ನಾಲ್ಕು ಪಟ್ಟು ವೇಗ ನನಗೆ ಇವತ್ತಿಗೂ ಸಲೀಸಾಗಿಲ್ಲ. ಆದರೆ ಸಂಜೆ ಕೂತು ಒಂದು ಕೀರ್ತನೆಯನ್ನು ಶ್ರುತಿ ತಪ್ಪದೆ ನುಡಿಸಬಹುದು. ಅದಕ್ಕೆ ವಯಸ್ಸು ಅಡ್ಡ ಬರುವುದಿಲ್ಲ.

ಈ ಪ್ರಶ್ನೆ ಕೇಳುವ ಎಲ್ಲರೂ ಬೆರಳಿನ ಬಗ್ಗೆ ಚಿಂತೆ ಮಾಡುತ್ತಾರೆ. ನಾನು ಮೊದಲು ನಿಮ್ಮ ವೀಣೆಯ ಬಗ್ಗೆ ಕೇಳುತ್ತೇನೆ.

ವೀಣೆಯ ದಂಡಿಯ ಮೇಲೆ 24 ಮೆಟ್ಟಿಲುಗಳಿರುತ್ತವೆ, ಅಂದರೆ ಸ್ವರದ ಜಾಗ ತೋರಿಸುವ ಅಡ್ಡಪಟ್ಟಿಗಳು. ಒಂದು ಸ್ಥಾಯಿಗೆ (ಸ-ದಿಂದ ಮೇಲಿನ ಸ-ವರೆಗೆ) 12ರಂತೆ. ತಡವಾಗಿ ಕಲಿಯುವವರಿಗೆ ಇದು ದೊಡ್ಡ ವರ. ಪಿಟೀಲಿನಲ್ಲಿ ಸ್ವರದ ಜಾಗವನ್ನು ಬೆರಳೇ ಹುಡುಕಬೇಕು. ಕೊಳಲಿನಲ್ಲಿ ಮೊದಲ ನಾದ ಹೊರಡುವುದಕ್ಕೇ ಎಷ್ಟೋ ದಿನ ಬೇಕಾಗುತ್ತದೆ. ವೀಣೆಯಲ್ಲಿ ಮೆಟ್ಟಿಲ ಮೇಲೆ ಬೆರಳೊತ್ತಿ ಮೀಟಿದರೆ ಮೊದಲ ದಿನವೇ ಸ್ವರ ಸಿಗುತ್ತದೆ. ಆದರೆ ಈ ಮೆಟ್ಟಿಲುಗಳನ್ನು ಗಿಟಾರಿನ ಹಾಗೆ ಮರದೊಳಗೆ ಕೂರಿಸಿರುವುದಿಲ್ಲ. ಜೇನುಮೇಣಕ್ಕೆ ಕಪ್ಪು ಪುಡಿ ಬೆರೆಸಿ, ಆ ಮೇಣದಲ್ಲಿ ಒಂದೊಂದಾಗಿ, ಕಿವಿಯಿಂದ ಕೇಳಿ ಕೇಳಿ ನಿಲ್ಲಿಸಿರುತ್ತಾರೆ. ಬಿಸಿಲಿಗೆ ಮೇಣ ಮೆತ್ತಗಾಗುತ್ತದೆ, ವರ್ಷ ಕಳೆದಂತೆ ಮೆಟ್ಟಿಲು ಜರುಗುತ್ತದೆ. ಆಗ ಮೇಣವನ್ನೆಲ್ಲ ತೆಗೆದು ಹೊಸದಾಗಿ ಕೂರಿಸಬೇಕು. ಇದಕ್ಕೆ ಮೇಳ ಕಟ್ಟುವುದು ಅನ್ನುತ್ತಾರೆ.

ನನಗೆ ಇದು ಗೊತ್ತಿರಲಿಲ್ಲ. ಹಳೆಯ ವೀಣೆಯೊಂದನ್ನು ಕೊಂಡು, ಮೇಲೆ ಪಾಲಿಶ್ ಚೆನ್ನಾಗಿದೆ ಅಂತ ಖುಷಿಪಟ್ಟು ಅಭ್ಯಾಸ ಶುರು ಮಾಡಿದೆ. ಮೂರು ತಿಂಗಳು ಸರಳೆ ವರಸೆ, ಅಂದರೆ ಆರಂಭದ ಸ್ವರಪಾಠ ನುಡಿಸಿದೆ. ಮೇಲಿನ ಸ್ವರಗಳು ಕಿವಿಗೆ ಹಿತವಾಗುತ್ತಲೇ ಇರಲಿಲ್ಲ. ನನ್ನ ಕಿವಿಯೇ ಸರಿಯಿಲ್ಲ, ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ ಅಂತ ಬಿಟ್ಟುಬಿಡುವ ಹಂತಕ್ಕೆ ಬಂದಿದ್ದೆ. ಒಂದು ದಿನ ಗುರುಗಳು ನನ್ನ ವೀಣೆಯನ್ನು ತಾವೇ ತೆಗೆದುಕೊಂಡು ನುಡಿಸಿದರು. ಅವರ ಕೈಯಲ್ಲೂ ಅದೇ ಅಪಸ್ವರ! ಮೇಳ ಕಟ್ಟಿಸಿದ ಮೇಲೆ ಅದೇ ವರಸೆ, ಅದೇ ಬೆರಳು, ನಾದವೇ ಬೇರೆ. ಆ ಮೂರು ತಿಂಗಳು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಪರೀಕ್ಷೆ ಸುಲಭ. ಸಾರಣಿ, ಅಂದರೆ ಮೊದಲ ತಂತಿಯನ್ನು ಮೆಟ್ಟಿಲು ಮುಟ್ಟದೆ ಮೀಟಿ. ಅದು ಷಡ್ಜ (ಸ). ಏಳನೇ ಮೆಟ್ಟಿಲಲ್ಲಿ ಪಂಚಮ (ಪ) ಬರಬೇಕು, ಹನ್ನೆರಡನೆಯದರಲ್ಲಿ ಮೇಲಿನ ಷಡ್ಜ. ಮೊಬೈಲಿನ ತಂಬೂರಿ ಆ್ಯಪ್ ಹಾಕಿಕೊಂಡು ಕೇಳಿದರೆ ಹೊಸಬರಿಗೂ ತಪ್ಪು ಗೊತ್ತಾಗುತ್ತದೆ.

ಇನ್ನು ಬೆರಳು. ಉಕ್ಕಿನ ತಂತಿ ಎಡಗೈಯ ತೋರುಬೆರಳು, ನಡುಬೆರಳಿನ ತುದಿಯಲ್ಲಿ ಗೆರೆ ಕೊರೆಯುತ್ತದೆ. ಮೊದಲ ಕೆಲವು ವಾರ ಉರಿಯುತ್ತದೆ, ಆಮೇಲೆ ಚರ್ಮ ಗಟ್ಟಿಯಾಗುತ್ತದೆ. ಬೆರಳಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿಕೊಂಡರೆ ಜಾರಿಕೆ ಸಲೀಸು. ಒಂದೇ ಸಲ ಒಂದು ಗಂಟೆ ಕೂರಬೇಡಿ. ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ ಸಾಕು. ಸಕ್ಕರೆ ಕಾಯಿಲೆ ಇದ್ದರೆ ಬೆರಳಿನ ಗಾಯವನ್ನು ದಿನಾ ನೋಡಿಕೊಳ್ಳಿ. ಮಣಿಕಟ್ಟು ನೋಯುತ್ತಿದ್ದರೆ ಅವತ್ತಿಗೆ ನಿಲ್ಲಿಸಿ.

ಮಂಡಿ ನೋವಿಗೆ ನೆಲ ಬಿಟ್ಟು ದಿವಾನದ ಮೇಲೆ ಕೂರಬಹುದು. ಅದೂ ಆಗದಿದ್ದರೆ ಕುರ್ಚಿಯಲ್ಲಿ ಕೂತು, ವೀಣೆಯನ್ನು ತಗ್ಗಾದ ಮೇಜಿನ ಮೇಲೆ ಮೆತ್ತೆ ಹಾಕಿ ಇಟ್ಟುಕೊಳ್ಳಿ. ಸಂಪ್ರದಾಯ ಕೆಡುತ್ತದೆ ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ನುಡಿಸದೆ ಮೂಲೆಯಲ್ಲಿಡುವುದಕ್ಕಿಂತ ಇದು ಸಾವಿರ ಪಾಲು ಮೇಲು, ಅಲ್ವಾ?

ನಿಮ್ಮ ಹತ್ತಿರ ಮಕ್ಕಳಿಗಿಲ್ಲದ ಒಂದು ಆಸ್ತಿ ಇದೆ. ಐವತ್ತು ವರ್ಷ ಹಾಡು ಕೇಳಿದ ಕಿವಿ. ಗಮಕಕ್ಕೆ, ಅಂದರೆ ಸ್ವರವನ್ನು ಬಳುಕಿಸುವುದಕ್ಕೆ, ತಂತಿಯನ್ನು ಮೆಟ್ಟಿಲ ಮೇಲೆ ಪಕ್ಕಕ್ಕೆ ಎಳೆಯಬೇಕು. ಎಷ್ಟು ಎಳೆದರೆ ಸರಿ ಅನ್ನುವುದಕ್ಕೆ ಗುರುತು ಹಾಕಿರುವುದಿಲ್ಲ, ಕಿವಿಯೇ ಹೇಳಬೇಕು. ಅಲ್ಲಿ ನೀವು ಹತ್ತು ವರ್ಷದ ಹುಡುಗಿಗಿಂತ ಮುಂದಿರುತ್ತೀರಿ. ತೊಂದರೆ ಏನೆಂದರೆ, ಕಿವಿ ಮುಂದೆ ಓಡುತ್ತದೆ, ಕೈ ಹಿಂದೆ ಉಳಿಯುತ್ತದೆ. ತಪ್ಪೆಲ್ಲ ಕೇಳಿಸುತ್ತದೆ, ಬೇಸರವಾಗುತ್ತದೆ. ಅದಕ್ಕೆ ಪ್ರತಿ ವರಸೆಯನ್ನೂ ಮೊದಲು ಬಾಯಲ್ಲಿ ಹಾಡಿ, ಆಮೇಲೆ ನುಡಿಸಿ. ಮಾಯಾಮಾಳವಗೌಳ ರಾಗದ ವರಸೆಗಳಿಂದ ಮಲಹರಿ ರಾಗದ ಗೀತೆಗೆ ಬರಲು ನನಗೆ ಹತ್ತು ತಿಂಗಳು ಹಿಡಿಯಿತು.

ಗುರುಗಳ ಬಗ್ಗೆ ಒಂದೇ ಮಾತು: ಮೊದಲ ಆರು ತಿಂಗಳಾದರೂ ಎದುರಿಗೆ ಕೂತು ಕಲಿಯಿರಿ. ಕೈ ಇಡುವ ರೀತಿ ಮೊಬೈಲಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಬಲಗೈಯ ಕಿರುಬೆರಳಿನಿಂದ ಪಕ್ಕದ ಮೂರು ತಾಳದ ತಂತಿಗಳನ್ನು (ತಾಳ ಹಿಡಿಯುವ ತಂತಿಗಳು) ಮೀಟುವುದನ್ನು ಆಗಲೇ ಅಭ್ಯಾಸ ಮಾಡಿಕೊಳ್ಳದಿದ್ದರೆ ಆಮೇಲೆ ತುಂಬಾ ಕಷ್ಟ. ಹತ್ತಿರದಲ್ಲಿ ಮೈಸೂರು ಬಾನಿಯವರು (ಮೈಸೂರು ಶೈಲಿಯಲ್ಲಿ ನುಡಿಸುವವರು) ಸಿಕ್ಕರೆ ಇನ್ನೂ ಒಳ್ಳೆಯದು. ವೀಣೆ ಶೇಷಣ್ಣನವರು (1852–1926) ಬೆಳೆಸಿದ ಈ ಬಾನಿಯಲ್ಲಿ ತಂತಿಯನ್ನು ಅತಿಯಾಗಿ ಎಳೆಯುವುದಿಲ್ಲ, ಮೀಟು ಸ್ಪಷ್ಟ. ವಯಸ್ಸಾದ ಬೆರಳಿಗೆ ಇದು ಹೊಂದುತ್ತದೆ ಅಂತ ನನ್ನ ಅನಿಸಿಕೆ. ಇದೇ ಬಾನಿಯ ವೈಣಿಕ ದೊರೆಸ್ವಾಮಿ ಅಯ್ಯಂಗಾರ್ಯರ ಧ್ವನಿಮುದ್ರಿಕೆಗಳನ್ನು ಕೇಳಿ. ಒಂದೊಂದು ಮೀಟಿಗೂ ಅವರು ಎಷ್ಟು ಬಿಡುವು ಕೊಡುತ್ತಾರೆ ಗಮನಿಸಿ.

ಈಗ ನಿಮ್ಮ ಅತ್ತೆಯವರ ವೀಣೆಗೆ ಬರೋಣ. ಬಟ್ಟೆ ತೆಗೆದು, ಒಣಬಟ್ಟೆಯಲ್ಲಿ ಒರೆಸಿ. ಮರ ಎಲ್ಲಾದರೂ ಬಿರುಕು ಬಿಟ್ಟಿದೆಯಾ, ಕುದುರೆ (ತಂತಿಗಳನ್ನು ಹೊರುವ ಸೇತುವೆ) ನೆಟ್ಟಗಿದೆಯಾ ನೋಡಿ. ರಿಪೇರಿಗೆ ಒಯ್ಯುವಾಗ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಮೇಣ ಕರಗುತ್ತದೆ. ಇಪ್ಪತ್ತು ವರ್ಷದ ತಂತಿ ತುಕ್ಕು ಹಿಡಿದಿರುತ್ತದೆ, ಬಿಗಿದರೆ ಪಟ್ಟನೆ ಕಿತ್ತು ಕಣ್ಣಿಗೆ ಬಡಿಯಬಹುದು. ಏಳೂ ತಂತಿ ಬದಲಿಸುವವರೆಗೆ ಬಿರಡೆ (ತಂತಿ ಬಿಗಿಯುವ ಗೂಟ) ತಿರುಗಿಸಬೇಡಿ.